ಇ-ಸ್ಪೋರ್ಟ್ಸ್: ಆಟಗಾರರನ್ನು ಅವರವರ ವಲಯಕ್ಕೇ ಸೀಮಿತಗೊಳಿಸಬೇಕೆ?

ಈ ಬಾರಿ ಬಂದ ಪತ್ರಗಳಲ್ಲಿ ಹಲವು ಒಂದೇ ವಿಷಯದ ಸುತ್ತ ಇದ್ದುದರಿಂದ ಅವುಗಳಿಗೆ ಒಟ್ಟಿಗೇ ಉತ್ತರಿಸುತ್ತಿದ್ದೇನೆ. ಇ-ಸ್ಪೋರ್ಟ್ಸ್, ಅಂದರೆ ವಿಡಿಯೋ ಗೇಮ್‌ಗಳ ಸ್ಪರ್ಧೆಗಳಲ್ಲಿ, ಟೂರ್ನಿ ನಡೆಸುವವರು ಜಗತ್ತನ್ನು ವಲಯಗಳಾಗಿ ವಿಂಗಡಿಸಿ, ಒಂದು ವಲಯದ ಆಟಗಾರ ಇನ್ನೊಂದು ವಲಯದ ಸ್ಪರ್ಧೆಯಲ್ಲಿ ಆಡದಂತೆ ತಡೆಯುವ ನಿಯಮವನ್ನು ಆಟಗಾರರು ‘ರೀಜನ್ ಲಾಕ್’ ಎನ್ನುತ್ತಾರೆ. ಇಲ್ಲಿ ಅದನ್ನು ವಲಯ ನಿರ್ಬಂಧ ಎಂದು ಕರೆದಿದ್ದೇನೆ.

ಪ್ರಶ್ನೆ: ಸ್ಟಾರ್‌ಕ್ರಾಫ್ಟ್ 2 ಆಟದ ವಿಶ್ವ ಸರಣಿಯಲ್ಲಿ ಕೊರಿಯಾದ ಆಟಗಾರರನ್ನು ಉಳಿದ ವಲಯಗಳಿಂದ ಹೊರಗಿಟ್ಟದ್ದು ಸರಿಯೇ ಎಂಬ ಬಗ್ಗೆ ನನಗೂ ಗೆಳೆಯರಿಗೂ ವಾದ ನಡೆದೇ ಇದೆ. ಚೆನ್ನಾಗಿ ಆಡುವವನು ಎಲ್ಲಿ ಬೇಕಾದರೂ ಆಡಿ ಗೆಲ್ಲಲಿ ಎಂಬುದು ನನ್ನ ನಿಲುವು. ಎಲ್ಲಿಯವನು ಎಂದು ಕೇಳಿ ಬಾಗಿಲು ಹಾಕುವುದು ಸ್ಪರ್ಧೆಯ ಅರ್ಥವನ್ನೇ ಕೆಡಿಸುವುದಿಲ್ಲವೇ?

ಉತ್ತರ: ವಿಶ್ವ ಚಾಂಪಿಯನ್ ಯಾರೆಂದು ತೀರ್ಮಾನವಾಗುವ ಅಂತಿಮ ಟೂರ್ನಿಯ ಮಟ್ಟಿಗೆ ನಿಮ್ಮ ಮಾತು ನೂರಕ್ಕೆ ನೂರು ನಿಜ. ಅಲ್ಲಿ ಎಲ್ಲ ವಲಯದವರೂ ಎದುರುಬದುರಾಗಬೇಕು. ಯಾರೋ ಬಲಿಷ್ಠರೆಂಬ ಕಾರಣಕ್ಕೆ ಅವರನ್ನು ಹೊರಗಿಟ್ಟು ಕೊಟ್ಟ ವಿಶ್ವ ಪ್ರಶಸ್ತಿಗೆ ಬೆಲೆಯಿಲ್ಲ. ಆದರೆ ಆ ಟೂರ್ನಿಯವರೆಗಿನ ಹಾದಿಯ ಪ್ರಶ್ನೆಯೇ ಬೇರೆ, ಮತ್ತು ಸ್ಟಾರ್‌ಕ್ರಾಫ್ಟ್‌ನಲ್ಲಿ ಜಗಳ ಹುಟ್ಟಿದ್ದು ಆ ಹಾದಿಯಲ್ಲಿಯೇ.

ಈ ಆಟದ ಒಡೆತನವಿರುವ ಬ್ಲಿಜಾರ್ಡ್ ಸಂಸ್ಥೆ 2013ರಲ್ಲಿ ವಿಶ್ವ ಸರಣಿಯನ್ನು ಕೊರಿಯಾ, ಯುರೋಪ್ ಮತ್ತು ಅಮೆರಿಕ ಎಂಬ ಮೂರು ಲೀಗ್‌ಗಳಾಗಿ ನಡೆಸಿತು. ಲೀಗ್‌ಗಳಿಗೆ ವಲಯಗಳ ಹೆಸರಿತ್ತೇ ಹೊರತು ಆಟಗಾರರ ಮೇಲೆ ವಲಯದ ಕಟ್ಟುಪಾಡು ಇರಲಿಲ್ಲ. ಆ ವರ್ಷ ಅಮೆರಿಕ ಮತ್ತು ಯುರೋಪ್ ಲೀಗ್‌ಗಳ ಮೂರು ಮೂರು ಋತುಗಳಲ್ಲಿ ಒಟ್ಟು ಆರು ಪ್ರಶಸ್ತಿಗಳಿದ್ದವು. ಆರೂ ಕೊರಿಯಾದವರ ಪಾಲಾದವು. ಅಮೆರಿಕ ಲೀಗ್‌ನಲ್ಲಿ ಹೀರೋ ಒಮ್ಮೆ ಮತ್ತು ಪೋಲ್ಟ್ ಎರಡು ಬಾರಿ (ಇವೆಲ್ಲ ಆಟಗಾರರ ಅಡ್ಡಹೆಸರುಗಳು) ಗೆದ್ದರೆ, ಯುರೋಪಿನ ವಿಜೇತರಲ್ಲಿ ಎಂವಿಪಿ, ಎಂಎಂಎ ಅವರಂಥ ಹೆಸರಾಂತರಿದ್ದರು. ಅಮೆರಿಕ ಲೀಗ್‌ನ ಮೊದಲ ಫೈನಲ್‌ನಲ್ಲಂತೂ ಹೀರೋನ ಎದುರಾಳಿಯೂ ಕೊರಿಯಾದವನೇ.

ಇದರಲ್ಲಿ ತಪ್ಪೇನು ಎಂದು ನೀವು ಕೇಳಬಹುದು. ಹಾಗೆ ಬಂದ ಆಟಗಾರರಲ್ಲಿ ತಪ್ಪೇನೂ ಇರಲಿಲ್ಲ. ಕೊರಿಯಾದ ಅರ್ಹತಾ ಸುತ್ತುಗಳ ಪೈಪೋಟಿ ಎಷ್ಟು ಕಠಿಣವಾಗಿತ್ತೆಂದರೆ, ಬೇರೆಡೆ ಪ್ರಶಸ್ತಿ ಗೆಲ್ಲಬಲ್ಲವನಿಗೂ ಅಲ್ಲಿ ಸ್ಥಾನ ಸಿಗುವ ಭರವಸೆ ಇರಲಿಲ್ಲ. ಪೆಟ್ಟು ಬಿದ್ದದ್ದು ಯುರೋಪ್ ಮತ್ತು ಅಮೆರಿಕದ ಮಧ್ಯಮ ಶ್ರೇಣಿಯ ಆಟಗಾರನಿಗೆ. ಒಬ್ಬೊಬ್ಬರೇ ಆಡುವ ಇಂಥ ಆಟದಲ್ಲಿ ಬಹುಮಾನ ಬರುವುದು ಎಷ್ಟು ಸುತ್ತು ಮುಂದೆ ಹೋದೆ ಎಂಬುದರ ಮೇಲೆ. ಪ್ರಾಯೋಜಕರು ನೋಡುವುದೂ ಅದನ್ನೇ. ತನ್ನ ವಲಯದಲ್ಲಿ ಹತ್ತನೆಯದೋ ಹದಿನೈದನೆಯದೋ ಸ್ಥಾನದಲ್ಲಿರುವ ಹುಡುಗ ಪ್ರತಿ ಋತುವಿನಲ್ಲೂ ಮೊದಲ ಸುತ್ತಿನಲ್ಲೇ ಹೊರಬಿದ್ದರೆ, ಪೂರ್ಣಾವಧಿ ಅಭ್ಯಾಸಕ್ಕೆ ಬೇಕಾದ ಹಣ ಅವನಿಗೆ ಹುಟ್ಟುವುದಿಲ್ಲ. ಅವನು ಓದಿಗೋ ಉದ್ಯೋಗಕ್ಕೋ ಮರಳುತ್ತಾನೆ. ಹಾಗೆ ಮರಳಿದವರ ಲೆಕ್ಕವನ್ನು ಯಾರೂ ಇಡುವುದಿಲ್ಲವಾದ್ದರಿಂದ ಈ ನಷ್ಟ ಅಂಕಪಟ್ಟಿಯಲ್ಲಿ ಕಾಣುವುದೂ ಇಲ್ಲ.

ಬ್ಲಿಜಾರ್ಡ್ 2015ರಲ್ಲಿ, ಆಡುವ ವಲಯದಲ್ಲಿ ಕಾನೂನುಬದ್ಧವಾಗಿ ನೆಲೆಸಿರಬೇಕೆಂಬ ಷರತ್ತು ತಂದಿತು. 2016ರಲ್ಲಿ ನಿಯಮ ಇನ್ನೂ ಬಿಗಿಯಾಯಿತು: ಕೊರಿಯಾಕ್ಕೆ ಒಂದು ಹಾದಿ, ಉಳಿದ ಜಗತ್ತಿಗೆ ಇನ್ನೊಂದು, ವರ್ಷಾಂತ್ಯದ ವಿಶ್ವ ಫೈನಲ್ಸ್‌ನಲ್ಲಿ ಎರಡೂ ಕಡೆಗೆ ಎಂಟೆಂಟು ಸ್ಥಾನ. 2018ರಲ್ಲಿ ಫಿನ್ಲೆಂಡಿನ ಸೆರಾಲ್ ತನ್ನ ಹಾದಿಯ ನಾಲ್ಕೂ ಟೂರ್ನಿಗಳನ್ನು ಗೆದ್ದು, ವಿಶ್ವ ಫೈನಲ್‌ನಲ್ಲಿ ಕೊರಿಯಾದ ಸ್ಟ್ಯಾಟ್ಸ್‌ನನ್ನು 4–2ರಿಂದ ಸೋಲಿಸಿದ. ಕೊರಿಯಾದ ಹೊರಗಿನವನೊಬ್ಬ ಆ ಪ್ರಶಸ್ತಿ ಗೆದ್ದದ್ದು ಅದೇ ಮೊದಲು.

ನಿರ್ಬಂಧದ ಪರ ಇರುವವರು ಈ ಗೆಲುವನ್ನೇ ದೊಡ್ಡ ಸಾಕ್ಷಿಯಾಗಿ ಮುಂದಿಡುತ್ತಾರೆ. ನನಗೆ ಅದು ಅಷ್ಟು ಗಟ್ಟಿಯಾದ ಸಾಕ್ಷಿಯೆಂದು ತೋರುವುದಿಲ್ಲ. 2016ರ ಅಕ್ಟೋಬರಿನಲ್ಲಿ ಕೊರಿಯಾದ ತಂಡಗಳ ಲೀಗ್ ಆಗಿದ್ದ ಪ್ರೊಲೀಗ್ ಮುಚ್ಚಿತು. ಅದರ ಏಳು ತಂಡಗಳಲ್ಲಿ ಐದು ವಿಸರ್ಜನೆಯಾದವು. ಸಂಬಳ, ತರಬೇತುದಾರರು, ಒಟ್ಟಿಗೆ ಉಳಿದು ಅಭ್ಯಾಸ ಮಾಡುವ ಮನೆ, ಹೊಸ ಹುಡುಗರನ್ನು ತಯಾರು ಮಾಡುವ ಕ್ರಮ ಎಲ್ಲವೂ ಆ ತಂಡಗಳ ಜೊತೆ ಹೋದವು. ಒಂದು ಕಡೆ ಯುರೋಪಿನವನು ಮೇಲೇರುತ್ತಿದ್ದಾಗ ಇನ್ನೊಂದು ಕಡೆ ಕೊರಿಯಾದ ನೆಲೆಯೇ ಕುಸಿಯುತ್ತಿತ್ತು. ಇದಲ್ಲದೆ, ಆನ್‌ಲೈನ್‌ನಲ್ಲಿ ಬೇರೆ ವಲಯದವರೊಂದಿಗೆ ಅಭ್ಯಾಸದ ಆಟ ಆಡುವುದಕ್ಕೆ ನಿರ್ಬಂಧ ಇರಲಿಲ್ಲ. ಲಾಕ್ ಬಿದ್ದದ್ದು ಟೂರ್ನಿಗೆ ಮಾತ್ರ. ಆದ್ದರಿಂದ ನಿರ್ಬಂಧವೇ ಚಾಂಪಿಯನ್ನನನ್ನು ಹುಟ್ಟಿಸಿತು ಎನ್ನಲಾಗದು. ಅದು ಕೆಲವರಿಗೆ ಕೆಲವು ವರ್ಷಗಳ ಆದಾಯವನ್ನೂ ಕಾಲಾವಕಾಶವನ್ನೂ ಕೊಟ್ಟಿತು, ಮತ್ತು ನನ್ನ ದೃಷ್ಟಿಯಲ್ಲಿ ಅಷ್ಟನ್ನು ಕೊಡುವ ಮಟ್ಟಿಗೆ ಅದು ಸಮರ್ಥನೀಯ. ಹಾದಿಯಲ್ಲಿ ಇರಲಿ, ಅಂತಿಮ ಟೂರ್ನಿಯಲ್ಲಿ ಬೇಡ. ಕೆಲವು ವರ್ಷಗಳಿಗೊಮ್ಮೆ ಅದರ ಅಗತ್ಯ ಉಳಿದಿದೆಯೇ ಎಂದು ಪರಿಶೀಲಿಸುವ ಷರತ್ತೂ ಇರಲಿ.

ಪ್ರಶ್ನೆ: ತಂಡದ ಆಟಗಳಲ್ಲಿ ಈ ನಿಯಮ ಹೇಗೆ ಅನ್ವಯಿಸುತ್ತದೆ? ಪಾಸ್‌ಪೋರ್ಟ್ ನೋಡಬೇಕೋ, ಆಟಗಾರ ಎಲ್ಲಿ ವಾಸವಾಗಿದ್ದಾನೆ ಎಂದು ನೋಡಬೇಕೋ?

ಉತ್ತರ: ವಾಸವನ್ನೇ ನೋಡಬೇಕೆಂದು ನನ್ನ ಖಚಿತ ಅಭಿಪ್ರಾಯ. ಫುಟ್‌ಬಾಲ್‌ನಲ್ಲಿ ಇದರ ಚರ್ಚೆ ಬಹಳ ಹಿಂದೆಯೇ ನಡೆದಿದೆ. ಯುರೋಪಿನ ಕ್ಲಬ್‌ಗಳಲ್ಲಿ ಯುರೋಪಿಯನ್ ಒಕ್ಕೂಟದ ಇತರ ದೇಶಗಳ ನಾಗರಿಕರಿಗೆ ಸಂಖ್ಯೆಯ ಮಿತಿ ಹಾಕುವುದು ಸಲ್ಲದು ಎಂದು ಒಕ್ಕೂಟದ ನ್ಯಾಯಾಲಯ 1995ರ ಬಾಸ್ಮನ್ ಪ್ರಕರಣದಲ್ಲಿ ತೀರ್ಪಿತ್ತಿತು. ಆಮೇಲೆ ಯುರೋಪಿನ ಫುಟ್‌ಬಾಲ್ ಆಡಳಿತ ಸಂಸ್ಥೆಯಾದ ಯುಇಎಫ್‌ಎ ರೂಪಿಸಿದ ನಿಯಮವು 25 ಆಟಗಾರರ ಪಟ್ಟಿಯಲ್ಲಿ 8 ಮಂದಿ ಸ್ಥಳೀಯವಾಗಿ ತರಬೇತಿ ಪಡೆದವರಿರಬೇಕು ಎಂದು ಕೇಳುತ್ತದೆ. ಅವರ ರಾಷ್ಟ್ರೀಯತೆಯನ್ನು ಕೇಳುವುದಿಲ್ಲ. ನಿರ್ಬಂಧದ ಉದ್ದೇಶ ಒಂದು ವಲಯದಲ್ಲಿ ಆಟವನ್ನು ಬೆಳೆಸುವುದೇ ಆಗಿದ್ದರೆ, ಅಲ್ಲಿಯೇ ಆಡಿ ಬೆಳೆದವನನ್ನು ಪಾಸ್‌ಪೋರ್ಟಿನ ಬಣ್ಣ ನೋಡಿ ಹೊರಗಿಡುವುದರಲ್ಲಿ ಅರ್ಥವಿಲ್ಲ.

ಲೀಗ್ ಆಫ್ ಲೆಜೆಂಡ್ಸ್ ಆಟದ ಒಡೆತನ ಹೊಂದಿರುವ ರಾಯಟ್ ಸಂಸ್ಥೆ 2014ರಲ್ಲಿ ಪ್ರಕಟಿಸಿದ ನಿಯಮವೂ ನಿವಾಸವನ್ನೇ ಆಧಾರವಾಗಿಟ್ಟುಕೊಂಡಿತ್ತು: ಕಣಕ್ಕಿಳಿಯುವ ಐವರಲ್ಲಿ ಕನಿಷ್ಠ ಮೂವರು ಆ ವಲಯದ ನಿವಾಸಿಗಳಾಗಿರಬೇಕು. ಅದೇ ವರ್ಷ ಚೀನಾದ ಎಲ್‌ಎಂಕ್ಯೂ ಎಂಬ ತಂಡ ಇಡಿಯಾಗಿ ಉತ್ತರ ಅಮೆರಿಕಕ್ಕೆ ಸ್ಥಳಾಂತರಗೊಂಡು, ಆ ವಲಯದ ಸ್ಥಾನವೊಂದನ್ನು ಪಡೆದು ವಿಶ್ವ ಚಾಂಪಿಯನ್‌ಶಿಪ್‌ಗೆ ಹೋಗಿತ್ತು. ನಿಯಮ ಬಂದ ಮೇಲೆ ತಂಡಕ್ಕೆ ತಂಡವೇ ವಲಯ ಬದಲಿಸುವ ದಾರಿ ಮುಚ್ಚಿತು. ಒಬ್ಬಿಬ್ಬರು ಹೊರಗಿನಿಂದ ಬರುವ ದಾರಿ ತೆರೆದೇ ಉಳಿಯಿತು.

ಈ ಎರಡನೆಯ ದಾರಿಯಿಂದ ಏನಾಯಿತು ಎಂಬುದು ಕುತೂಹಲಕರವಾಗಿದೆ. ಚೀನಾದ ಮೂರು ತಂಡಗಳು ವಿಶ್ವ ಚಾಂಪಿಯನ್ ಆಗಿವೆ: 2018ರಲ್ಲಿ ಇನ್ವಿಕ್ಟಸ್ ಗೇಮಿಂಗ್, 2019ರಲ್ಲಿ ಫನ್‌ಪ್ಲಸ್ ಫೀನಿಕ್ಸ್, 2021ರಲ್ಲಿ ಎಡ್ವರ್ಡ್ ಗೇಮಿಂಗ್. ಮೂರರಲ್ಲೂ ಮುಖ್ಯ ಐವರ ಪೈಕಿ ಇಬ್ಬರು ಕೊರಿಯಾದವರಿದ್ದರು. ಅದೇ ನಿಯಮದ ಅಡಿಯಲ್ಲಿಯೇ ಕೊರಿಯಾದಿಂದ ಆಟಗಾರರನ್ನು ಕರೆಸಿಕೊಂಡ ಉತ್ತರ ಅಮೆರಿಕದ ತಂಡಗಳಲ್ಲಿ ಒಂದೂ ಇಂದಿನವರೆಗೆ ವಿಶ್ವ ಫೈನಲ್ ತಲುಪಿಲ್ಲ. ಹೊರಗಿನಿಂದ ಬಂದ ಇಬ್ಬರ ಜೊತೆ ಆಡಬಲ್ಲ ಮೂವರು ಮನೆಯಲ್ಲೇ ತಯಾರಾಗಿರಬೇಕು. ಆ ಮೂವರನ್ನು ತಯಾರು ಮಾಡುವ ಕೆಳಹಂತದ ಲೀಗ್, ಅಭ್ಯಾಸಕ್ಕೆ ಸಿಗುವ ಎದುರಾಳಿಗಳ ಸಂಖ್ಯೆ, ತರಬೇತಿಯ ಶಿಸ್ತು ಇವುಗಳನ್ನು ನಿಯಮಪುಸ್ತಕ ಒದಗಿಸುವುದಿಲ್ಲ. ಸ್ಥಳೀಯ ಆಟಗಾರರ ಕೊರತೆಯಿರುವಲ್ಲಿ ಈ ನಿಯಮ ಮಾಡುವ ಕೆಲಸ ಬಹುಪಾಲು ಒಂದೇ: ಸಾಧಾರಣ ಸ್ಥಳೀಯ ಆಟಗಾರನ ಸಂಬಳವನ್ನು ಏರಿಸುವುದು. ಸಂಬಳ ಏರುವುದು ಕೆಟ್ಟದ್ದೇನಲ್ಲ, ಆದರೆ ಅದನ್ನು ಆಟದ ಬೆಳವಣಿಗೆ ಎಂದು ಕರೆಯಬಾರದು.

ಪ್ರಶ್ನೆ: ಪ್ರೇಕ್ಷಕರಿಗೆ ತಮ್ಮೂರಿನ ಆಟಗಾರರೇ ಬೇಕು, ಇಲ್ಲದಿದ್ದರೆ ಅವರು ನೋಡುವುದನ್ನೇ ಬಿಡುತ್ತಾರೆ ಎನ್ನುತ್ತಾರಲ್ಲ?

ಉತ್ತರ: ಸ್ವಲ್ಪ ನಿಜ, ಉಳಿದದ್ದು ಉತ್ಪ್ರೇಕ್ಷೆ. ಓವರ್‌ವಾಚ್ ಲೀಗ್ ತಂಡಗಳಿಗೆ ನಗರಗಳ ಹೆಸರಿಟ್ಟಿತ್ತು. 2018ರ ಮೊದಲ ಋತುವನ್ನು ಗೆದ್ದ ಲಂಡನ್ ಸ್ಪಿಟ್‌ಫೈರ್ ತಂಡದಲ್ಲಿ ಇದ್ದವರೆಲ್ಲ ಕೊರಿಯಾದವರು. ಆ ಲೀಗ್ 2023ರಲ್ಲಿ ಮುಗಿಯಿತು, ಆದರೆ ಅದು ನಿಂತದ್ದಕ್ಕೆ ಆಟಗಾರರ ಮೂಲವೇ ಕಾರಣ ಎನ್ನುವುದು ಅನ್ಯಾಯವಾದೀತು. ತಂಡದ ಸ್ಥಾನಕ್ಕೆ ಮಾಲೀಕರಿಂದ ಕೇಳಿದ ಕೋಟಿಗಟ್ಟಲೆ ಡಾಲರ್‌ಗಳ ಹೊರೆಯೇ ಸಾಕಾಗುವಷ್ಟಿತ್ತು.

ಪ್ರಶ್ನೆ: ಆನ್‌ಲೈನ್ ಪಂದ್ಯಗಳಲ್ಲಿ ‘ಪಿಂಗ್’ (ಸಂದೇಶ ಹೋಗಿ ಬರಲು ಹಿಡಿಯುವ ಸಮಯ) ಸಮಸ್ಯೆಯ ಕಾರಣ ಕೊಟ್ಟು ದೂರದವರನ್ನು ಸೇರಿಸಿಕೊಳ್ಳುವುದಿಲ್ಲ. ಇಂಟರ್ನೆಟ್ ಇಷ್ಟು ವೇಗವಾಗಿರುವ ಈ ಕಾಲದಲ್ಲಿ ಅದು ಕೇವಲ ನೆಪವಲ್ಲವೇ?

ಉತ್ತರ: ನೆಪವಲ್ಲ. ಇಂಟರ್ನೆಟ್ ಸಂಪರ್ಕವನ್ನು ಎಷ್ಟು ದುಡ್ಡು ಕೊಟ್ಟು ಪಡೆದರೂ ಗಾಜಿನ ತಂತಿಯೊಳಗೆ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಮಾತ್ರ ಸಾಗುತ್ತದೆ. ಇಬ್ಬರ ನಡುವೆ 10,000 ಕಿಲೋಮೀಟರ್ ಅಂತರವಿದ್ದರೆ ಸಂದೇಶ ಹೋಗುವುದಕ್ಕೆ 50 ಮಿಲಿಸೆಕೆಂಡ್, ಹೋಗಿ ಬರುವುದಕ್ಕೆ 100. ಕೇಬಲ್ ನೇರವಾಗಿ ಹಾಯುವುದಿಲ್ಲ, ನಡುವೆ ರೂಟರ್‌ಗಳೂ ಇರುತ್ತವೆ; ಹಾಗಾಗಿ ನಿಜವಾದ ವಿಳಂಬ ಇದಕ್ಕಿಂತ ಹೆಚ್ಚು. ಸೆಕೆಂಡಿಗೆ 60 ಫ್ರೇಮ್‌ಗಳಲ್ಲಿ ಓಡುವ ಫೈಟಿಂಗ್ ಆಟದಲ್ಲಿ ಒಂದು ಫ್ರೇಮ್ ಎಂದರೆ ಸುಮಾರು 16.7 ಮಿಲಿಸೆಕೆಂಡ್. ಸ್ಟ್ರೀಟ್ ಫೈಟರ್ 6ರಲ್ಲಿ ಅತ್ಯಂತ ಚುರುಕಾದ ಸಾಮಾನ್ಯ ಹೊಡೆತ ನಾಲ್ಕನೇ ಫ್ರೇಮ್‌ಗೆ ಎದುರಾಳಿಗೆ ತಗಲುತ್ತದೆ, ಅಂದರೆ 67 ಮಿಲಿಸೆಕೆಂಡಿನೊಳಗೆ. ಗುಂಡಿ ಒತ್ತಿದ ಸುದ್ದಿ ದೂರದ ಆಟಗಾರನ ಪರದೆಗೆ ತಲುಪುವಷ್ಟರಲ್ಲಿ ಆ ಹೊಡೆತದ ಬಹುಭಾಗ ಮುಗಿದಿರುತ್ತದೆ. ಮುಂದೇನಾಗಬಹುದೆಂದು ಊಹಿಸಿ ಚಿತ್ರ ತೋರಿಸಿ, ಊಹೆ ತಪ್ಪಿದಾಗ ಹಿಂದಕ್ಕೆ ಸರಿದು ಸರಿಪಡಿಸುವ ‘ರೋಲ್‌ಬ್ಯಾಕ್’ ತಂತ್ರ ಈ ತೊಂದರೆಯನ್ನು ಮರೆಮಾಚುತ್ತದೆಯೇ ವಿನಾ ಅಳಿಸುವುದಿಲ್ಲ.

ಆದರೆ ಈ ವಾದಕ್ಕೆ ಒಂದು ಎಲ್ಲೆ ಇದೆ. ಎಲ್ಲರೂ ಒಂದೇ ಸಭಾಂಗಣದಲ್ಲಿ ಕುಳಿತು ಆಡುವ ಟೂರ್ನಿಗೆ ಪಿಂಗ್ ಅನ್ವಯಿಸುವುದೇ ಇಲ್ಲ. ಅಲ್ಲಿಯೂ ಪಿಂಗ್ ಹೆಸರು ಹೇಳಿ ಯಾರನ್ನಾದರೂ ತಡೆದರೆ ಆಗ ಅದು ನೀವು ಹೇಳಿದಂತೆ ನೆಪವೇ.

ಪ್ರಶ್ನೆ: ಆಟದ ಸಂಸ್ಥೆಗಳ ಭೂಪಟದಲ್ಲಿ ಸ್ವಂತ ಸ್ಥಾನವೇ ಇಲ್ಲದ ದೇಶಗಳ ಆಟಗಾರರ ಗತಿಯೇನು? ನಿರ್ಬಂಧ ಅವರನ್ನು ಕಾಯುತ್ತದೆಯೇ, ತುಳಿಯುತ್ತದೆಯೇ?

ಉತ್ತರ: ಈ ಕಂತಿಗೆ ಬಂದವುಗಳಲ್ಲಿ ನನಗೆ ಬಹಳ ಮುಖ್ಯವೆನಿಸಿದ ಪ್ರಶ್ನೆ ಇದು. ವಲಯಗಳ ಗೆರೆ ಎಳೆಯುವುದು ಮತ್ತು ಯಾವ ವಲಯಕ್ಕೆ ಎಷ್ಟು ಸ್ಥಾನ ಎಂದು ನಿಗದಿ ಮಾಡುವುದು ಆಟದ ಒಡೆತನವಿರುವ ಸಂಸ್ಥೆ ಅಥವಾ ಟೂರ್ನಿಯ ಆಯೋಜಕರು. ಅವರು ನೋಡುವುದು ಹಿಂದಿನ ಫಲಿತಾಂಶಗಳನ್ನೂ ಮಾರುಕಟ್ಟೆಯನ್ನೂ. ಅಂತರರಾಷ್ಟ್ರೀಯ ವೇದಿಕೆಯಲ್ಲಿ ಆಡಿಯೇ ಇರದವರಿಗೆ ಹಿಂದಿನ ಫಲಿತಾಂಶ ಎಲ್ಲಿಂದ ಬರಬೇಕು?

ಟೆಕ್ಕನ್ 7 ಆಟದ ಉದಾಹರಣೆ ನೋಡಿ. 2019ರ ಆರಂಭದವರೆಗೂ ಆ ಆಟದಲ್ಲಿ ಪಾಕಿಸ್ತಾನವನ್ನು ಜಗತ್ತು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ. ಆ ವರ್ಷದ ಫೆಬ್ರುವರಿಯಲ್ಲಿ ಲಾಹೋರಿನ ಅರ್ಸಲಾನ್ ಆಶ್ ಜಪಾನಿನಲ್ಲಿ ನಡೆದ ಈವೋ ಜಪಾನ್ ಗೆದ್ದರು. ಆಗಸ್ಟಿನಲ್ಲಿ ಲಾಸ್ ವೇಗಸ್‌ನ ಈವೋ ಕೂಡ ಅವರದ್ದಾಯಿತು. ಈವೋ ಮುಕ್ತ ಟೂರ್ನಿ: ಹೆಸರು ನೋಂದಾಯಿಸಿ ಶುಲ್ಕ ಕಟ್ಟಿದ ಯಾರೇ ಆದರೂ ಮೊದಲ ಸುತ್ತಿನಿಂದ ಆಡಬಹುದು, ಯಾವ ವಲಯದಿಂದ ಬಂದಿರಿ ಎಂದು ಯಾರೂ ಕೇಳುವುದಿಲ್ಲ. ಅವರ ಮುಂದೆ ಇದ್ದ ಅಡ್ಡಿಗಳು ವೀಸಾ ಮತ್ತು ಪ್ರಯಾಣದ್ದು, ಟೂರ್ನಿಯ ನಿಯಮದ್ದಲ್ಲ. ವಲಯಕ್ಕಿಷ್ಟು ಸ್ಥಾನ ಎಂದು ಹಂಚಿದ ಟೂರ್ನಿಯೇ ಅಂದು ಏಕೈಕ ದಾರಿಯಾಗಿದ್ದರೆ ಅವರು ಯಾವ ವಲಯದ ಯಾವ ಸ್ಥಾನಕ್ಕಾಗಿ, ಎಷ್ಟು ದೂರದ ಎದುರಾಳಿಗಳೊಂದಿಗೆ ಸೆಣಸಬೇಕಾಗುತ್ತಿತ್ತೋ ಹೇಳುವುದು ಕಷ್ಟ.

ಆದ್ದರಿಂದ ವಲಯ ನಿರ್ಬಂಧವಿರುವ ಯಾವುದೇ ಸರಣಿಯಲ್ಲಿ ಕೆಲವು ಸ್ಥಾನಗಳಾದರೂ ಮುಕ್ತ ಅರ್ಹತಾ ಸುತ್ತಿನ ಮೂಲಕ ತುಂಬುವಂತಿರಬೇಕು. ‘ಕೊನೆಯ ಅವಕಾಶ’ ಎಂಬ ಹೆಸರಿನಲ್ಲಿ ಕೆಲವು ಟೂರ್ನಿಗಳು ಅಂತಿಮ ಹಂತಕ್ಕೆ ಮುಂಚೆ ಇಂಥ ಸುತ್ತು ನಡೆಸುವುದುಂಟು. ಅದು ಸಭಾಂಗಣದಲ್ಲೇ ನಡೆಯಲಿ, ಆನ್‌ಲೈನ್‌ನಲ್ಲಿ ಅಲ್ಲ; ಕಾರಣವನ್ನು ಮೇಲೆ ಹೇಳಿದ್ದೇನೆ.

ಪ್ರಶ್ನೆ: ನಮ್ಮ ತಂಡಕ್ಕೆ ನಮ್ಮ ವಲಯದ ಅರ್ಹತಾ ಸುತ್ತು ಬಹಳ ಕಠಿಣವಾಗಿದೆ. ಪಕ್ಕದ ವಲಯದಲ್ಲಿ ಪೈಪೋಟಿ ಕಡಿಮೆ. ಅಲ್ಲಿರುವ ಗೆಳೆಯನ ವಿಳಾಸ ಕೊಟ್ಟು, ಇಂಟರ್ನೆಟ್‌ನಲ್ಲಿ ನಾವಿರುವ ಸ್ಥಳವನ್ನು ಮರೆಮಾಚುವ ವಿಪಿಎನ್ ಬಳಸಿ ನೋಂದಾಯಿಸಿಕೊಳ್ಳಬಹುದೇ? ನಿಯಮವೇ ಅನ್ಯಾಯವಾಗಿರುವಾಗ ಇದರಲ್ಲಿ ತಪ್ಪೇನು?

ಉತ್ತರ: ದಯವಿಟ್ಟು ಹಾಗೆ ಮಾಡಬೇಡಿ. ನಿಯಮದ ಬಗ್ಗೆ ನಿಮ್ಮ ಆಕ್ಷೇಪವನ್ನು ನಾನು ಒಪ್ಪಬಹುದು, ಆದರೆ ಆ ಪಕ್ಕದ ವಲಯದ ತಂಡವೊಂದು ಅದೇ ನಿಯಮವನ್ನು ನಂಬಿ ವರ್ಷವಿಡೀ ಅಭ್ಯಾಸ ಮಾಡಿರುತ್ತದೆ. ಸುಳ್ಳು ವಿಳಾಸದಿಂದ ನೀವು ಕಿತ್ತುಕೊಳ್ಳುವುದು ಆಯೋಜಕರ ಸ್ಥಾನವನ್ನಲ್ಲ, ಅವರದ್ದನ್ನು. ಇದಲ್ಲದೆ ಇದು ಗುಟ್ಟಾಗಿ ಉಳಿಯುವ ಸಂಗತಿಯೂ ಅಲ್ಲ. ಖಾತೆಯ ಹಳೆಯ ಲಾಗಿನ್ ದಾಖಲೆ, ಪಂದ್ಯದ ವೇಳೆಯ ಪಿಂಗ್, ಬಹುಮಾನ ಪಾವತಿಗೆ ಕೇಳುವ ಗುರುತಿನ ಚೀಟಿ ಮತ್ತು ಬ್ಯಾಂಕ್ ಖಾತೆ, ಇವುಗಳಲ್ಲಿ ಯಾವುದಾದರೊಂದು ತಾಳೆಯಾಗದೆ ಸಿಕ್ಕಿಬೀಳುತ್ತೀರಿ. ಆಗ ಹೋಗುವುದು ಆ ಒಂದು ಬಹುಮಾನ ಮಾತ್ರವಲ್ಲ. ಐವರ ಖಾತೆಗಳ ಮೇಲೂ ನಿಷೇಧ ಬೀಳಬಹುದು.

ನಿಮ್ಮಲ್ಲಿ ಯಾರಾದರೂ ಓದಿಗೋ ಉದ್ಯೋಗಕ್ಕೋ ನಿಜವಾಗಿಯೂ ಆ ವಲಯದಲ್ಲಿ ನೆಲೆಸಿದ್ದರೆ ಅದು ಬೇರೆ ಮಾತು. ಆಗ ನೋಂದಣಿ ಆರಂಭವಾಗುವ ಮುನ್ನವೇ ವೀಸಾ ಮತ್ತು ವಾಸದ ದಾಖಲೆಗಳೊಂದಿಗೆ ಆಯೋಜಕರಿಗೆ ಬರೆದು, ತಂಡದ ಎಷ್ಟು ಮಂದಿ ನಿವಾಸಿಗಳಾಗಿರಬೇಕು, ಎಷ್ಟು ಕಾಲದ ವಾಸ ಬೇಕು, ಆ ಅವಧಿಯನ್ನು ಯಾವ ದಿನದಿಂದ ಎಣಿಸುತ್ತಾರೆ ಎಂಬ ಮೂರು ವಿಷಯಗಳಿಗೆ ಲಿಖಿತ ಉತ್ತರ ಪಡೆದುಕೊಳ್ಳಿ.