ಚಳಿಗಾಲದಲ್ಲಿ ಇನ್ವರ್ಟರ್ ಬ್ಯಾಟರಿ ಅರ್ಧ ಹೊತ್ತೂ ಬಾಳುತ್ತಿಲ್ಲ. ಎರಡರ ಬದಲು ನಾಲ್ಕು ಹಾಕಿಸಲೇ, ಲಿಥಿಯಂಗೆ ಹೋಗಲೇ, ಜನರೇಟರ್ ಕೊಳ್ಳಲೇ?

ಈಗಲೇ ಏನನ್ನೂ ಕೊಳ್ಳಬೇಡಿ. ಬೇಸಿಗೆಯಲ್ಲಿ ಎಂಟು ಗಂಟೆ ನಡೆಯುತ್ತಿದ್ದ ಬ್ಯಾಟರಿಗಳು ಹಿಮ ಬೀಳತೊಡಗಿದ ಮೇಲೆ ಮೂರೇ ಗಂಟೆಗೆ ಕೈಕೊಡುತ್ತಿವೆ, ಅವು ಮನೆಯ ಹೊರಗಿನ ಶೆಡ್ಡಿನಲ್ಲಿವೆ, ಚಾರ್ಜರಿನ ಹಸಿರು ದೀಪ ಮಾತ್ರ ತಪ್ಪದೆ ಉರಿಯುತ್ತದೆ ಎಂದು ನೀವು ಬರೆದಿರುವುದನ್ನು ಓದಿದಾಗ ಆರು ವರ್ಷಗಳ ಹಿಂದಿನ ನನ್ನ ಶೆಡ್ಡೇ ಕಣ್ಣ ಮುಂದೆ ಬಂದಿತು.

ಆಗ ನನ್ನಲ್ಲಿದ್ದುದು 12 ವೋಲ್ಟ್, 150 ಆಂಪಿಯರ್-ಅವರ್‌ನ ಎರಡು ಲೆಡ್-ಆಸಿಡ್ ಬ್ಯಾಟರಿಗಳು. ಮನೆಯನ್ನು ಬೆಚ್ಚಗಿಡುವ ಬಾಯ್ಲರ್ ಗ್ಯಾಸಿನಿಂದ ಉರಿಯುತ್ತದಾದರೂ ಅದರ ಬರ್ನರಿಗೂ, ಬಿಸಿನೀರನ್ನು ಕೋಣೆಯಿಂದ ಕೋಣೆಗೆ ತಿರುಗಿಸುವ ಪಂಪಿಗೂ ಕರೆಂಟು ಬೇಕು. ಎರಡು ದೀಪ ಸೇರಿಸಿದರೂ ಒಟ್ಟು 250 ವ್ಯಾಟ್ ಮೀರುತ್ತಿರಲಿಲ್ಲ. ಹತ್ತು ಗಂಟೆ ನಿಶ್ಚಿಂತೆ ಎಂದು ಲೆಕ್ಕ ಹಾಕಿದ್ದೆ. ಸೆಪ್ಟೆಂಬರಿನಲ್ಲಿ ಮೇನ್ಸ್ ತೆಗೆದು ಪರೀಕ್ಷಿಸಿದಾಗ ಅಷ್ಟೇ ಬಂದಿತ್ತು. ಜನವರಿಯ ಒಂದು ಸಂಜೆ ತಂತಿಗಳ ಮೇಲೆ ಮಂಜುಗಡ್ಡೆ ಕಟ್ಟಿ ಕರೆಂಟು ಹೋಯಿತು. ನಾಲ್ಕು ಗಂಟೆ ಕಳೆಯುವ ಮೊದಲೇ ಇನ್ವರ್ಟರ್ ಕೂಗಿಕೊಂಡು ನಿಂತಿತು. ಸ್ವಲ್ಪ ಹೊತ್ತು ಬಿಟ್ಟರೆ ಬ್ಯಾಟರಿ ಚೇತರಿಸಿಕೊಂಡಂತೆ ಕಾಣುತ್ತದೆ, ಮತ್ತೆ ಆನ್ ಮಾಡಿದರೆ ಹತ್ತು ನಿಮಿಷ ಓಡುತ್ತದೆ. ಹಾಗೆ ರಾತ್ರಿಯಿಡೀ ಮತ್ತೆ ಮತ್ತೆ ಆನ್ ಮಾಡಿ, ಅದರಲ್ಲಿ ಉಳಿದಿದ್ದುದನ್ನೆಲ್ಲ ಹಿಂಡಿ ತೆಗೆದೆ. ಎರಡನೆಯ ರಾತ್ರಿ ಹೊರಗೆ ಮೈನಸ್ 24 ಡಿಗ್ರಿ. ಮೂರನೆಯ ದಿನ ಕರೆಂಟು ಬಂದಾಗ ಒಂದು ಬ್ಯಾಟರಿಯ ಪಕ್ಕ ಉಬ್ಬಿ ಸೀಳಿತ್ತು, ಇನ್ನೊಂದರೊಳಗೆ ಆಸಿಡ್ ಮಂಜಿನ ಗಂಜಿಯಂತಾಗಿತ್ತು, ಹೊರಗೋಡೆಯ ಪಕ್ಕದ ನೀರಿನ ಪೈಪು ಒಡೆದು ಅಡುಗೆಮನೆಯ ನೆಲವೆಲ್ಲ ನೀರಾಗಿತ್ತು.

ಇದಕ್ಕೆ ಕಾರಣವಾದ ತಪ್ಪು ಒಂದೇ, ಅದೂ ಒಂದು ಸಣ್ಣ ತಂತಿಯದು. ಅದನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳುತ್ತೇನೆ, ಏಕೆಂದರೆ ನಿಮ್ಮ ಮನೆಯಲ್ಲೂ ಅದೇ ಆಗಿರಬಹುದೆಂಬುದು ನನ್ನ ಬಲವಾದ ಅನುಮಾನ.

ಇನ್ವರ್ಟರ್ ಜೊತೆಗೆ ಬಂದ ಪೆಟ್ಟಿಗೆಯಲ್ಲಿ ಒಂದು ತೆಳುವಾದ ತಂತಿ ಇತ್ತು. ಅದರ ತುದಿಯಲ್ಲಿ ಬ್ಯಾಟರಿಯ ಮೈಗೆ ಅಥವಾ ಟರ್ಮಿನಲ್ಲಿಗೆ ಕೂರಿಸುವ ಪುಟ್ಟ ಉಷ್ಣ ಸಂವೇದಕ. ಇನ್ವರ್ಟರನ್ನು ಗೋಡೆಯ ಒಳಬದಿಗೆ, ಬ್ಯಾಟರಿಗಳನ್ನು ಹೊರಗಿನ ಶೆಡ್ಡಿನಲ್ಲಿ ಇಟ್ಟಿದ್ದೆ. ಗೋಡೆಯಲ್ಲಿ ಕೊರೆದಿದ್ದ ರಂಧ್ರದಲ್ಲಿ ಎರಡು ದಪ್ಪ ಕೇಬಲ್‌ಗಳು ತುರುಕಿಕೊಂಡು ಕೂತಿದ್ದರಿಂದ ಈ ತಂತಿಗೆ ಜಾಗ ಸಿಗಲಿಲ್ಲ. ಆಮೇಲೆ ನೋಡಿದರಾಯಿತೆಂದು ಅದನ್ನು ಸುರುಳಿ ಸುತ್ತಿ ಇನ್ವರ್ಟರಿನ ತಲೆಯ ಮೇಲಿಟ್ಟೆ. ಆ ‘ಆಮೇಲೆ’ ಬರಲೇ ಇಲ್ಲ.

ಲೆಡ್-ಆಸಿಡ್ ಬ್ಯಾಟರಿ ತಣ್ಣಗಾದಷ್ಟೂ ಅದನ್ನು ಪೂರ್ತಿ ತುಂಬಲು ಹೆಚ್ಚು ವೋಲ್ಟೇಜ್ ಬೇಕಾಗುತ್ತದೆ. 25 ಡಿಗ್ರಿಯಿಂದ ಕೆಳಗಿಳಿಯುವ ಪ್ರತಿ ಡಿಗ್ರಿಗೆ ಒಂದು ಸೆಲ್ಲಿಗೆ ಸುಮಾರು 4 ಮಿಲಿವೋಲ್ಟ್. 12 ವೋಲ್ಟಿನ ಬ್ಯಾಟರಿಯಲ್ಲಿ ಆರು ಸೆಲ್ಲುಗಳಿರುವುದರಿಂದ ಡಿಗ್ರಿಗೆ 24 ಮಿಲಿವೋಲ್ಟ್. ಮೈನಸ್ 10 ಡಿಗ್ರಿಯಲ್ಲಿರುವ ಬ್ಯಾಟರಿಗೆ 35 ಡಿಗ್ರಿಗಳ ಲೆಕ್ಕ, ಅಂದರೆ 0.84 ವೋಲ್ಟ್ ಹೆಚ್ಚು ಬೇಕು: 14.4 ಸಾಕಾಗುತ್ತಿದ್ದ ಕಡೆ 15.24. ನನ್ನ ಸಂವೇದಕ ಕೂತಿದ್ದುದು ಮನೆಯೊಳಗೆ, ಅದರಲ್ಲೂ ಸದಾ ಬೆಚ್ಚಗಿರುವ ಯಂತ್ರದ ಮೇಲೆ. ಬ್ಯಾಟರಿ 30 ಡಿಗ್ರಿಯಲ್ಲಿದೆ ಎಂದು ನಂಬಿದ ಚಾರ್ಜರ್ ವೋಲ್ಟೇಜನ್ನು ಏರಿಸುವ ಬದಲು 14.28ಕ್ಕೆ ಇಳಿಸುತ್ತಿತ್ತು. ಹೆಚ್ಚುಕಡಿಮೆ ಒಂದು ವೋಲ್ಟಿನ ಕೊರತೆ. ಎರಡು ತಿಂಗಳ ಕಾಲ ಆ ಬ್ಯಾಟರಿಗಳು ಒಮ್ಮೆಯೂ ಪೂರ್ತಿ ತುಂಬಿರಲಿಲ್ಲ. ಆದರೂ ಹಸಿರು ದೀಪ ಉರಿಯುತ್ತಿತ್ತು, ಏಕೆಂದರೆ ತಾನು ನಿಗದಿಪಡಿಸಿಕೊಂಡ ವೋಲ್ಟೇಜನ್ನು ಮುಟ್ಟಿದ್ದೇನೆ ಎಂಬುದಷ್ಟನ್ನೇ ಆ ದೀಪ ಹೇಳುತ್ತದೆ; ಬ್ಯಾಟರಿಯೊಳಗೆ ಎಷ್ಟಿದೆ ಎಂಬುದನ್ನು ಅದು ಹೇಳುವುದಿಲ್ಲ.

ಅಲ್ಲಿಂದ ಮುಂದಿನದೆಲ್ಲ ಒಂದರ ಹಿಂದೊಂದು ಬಂದ ಪರಿಣಾಮ. ಅರೆಬರೆ ತುಂಬಿದ ಬ್ಯಾಟರಿಯ ಫಲಕಗಳ ಮೇಲೆ ಸೀಸದ ಸಲ್ಫೇಟ್ ಹರಳುಗಟ್ಟಿ ಗಟ್ಟಿಯಾಗುತ್ತದೆ, ಸಾಮರ್ಥ್ಯ ಶಾಶ್ವತವಾಗಿ ಕುಗ್ಗುತ್ತದೆ. ಅದರ ಮೇಲೆ ಚಳಿಯ ಪಾಲು ಬೇರೆ: ಪೂರ್ತಿ ತುಂಬಿದ ಒಳ್ಳೆಯ ಬ್ಯಾಟರಿಯೂ 0 ಡಿಗ್ರಿಯಲ್ಲಿ ತನ್ನ ಸಾಮರ್ಥ್ಯದ ಸುಮಾರು ಶೇಕಡ 80ರಷ್ಟನ್ನು, ಮೈನಸ್ 20ರಲ್ಲಿ ಸರಿಸುಮಾರು ಅರ್ಧದಷ್ಟನ್ನು ಮಾತ್ರ ಕೊಡುತ್ತದೆ. ಎಲ್ಲಕ್ಕಿಂತ ಘೋರವಾದುದು ಹೆಪ್ಪುಗಟ್ಟುವಿಕೆ. ಪೂರ್ತಿ ತುಂಬಿದ ಬ್ಯಾಟರಿಯ ಆಸಿಡ್ ಮೈನಸ್ 50 ಡಿಗ್ರಿಯಲ್ಲೂ ಹೆಪ್ಪುಗಟ್ಟದು. ಕರೆಂಟು ಕೊಡುತ್ತ ಹೋದಂತೆ ಆಮ್ಲ ಫಲಕಗಳಿಗೆ ಸೇರಿ, ಉಳಿಯುವ ದ್ರವ ನೀರಿಗೆ ಹತ್ತಿರವಾಗುತ್ತದೆ. ಅರ್ಧ ಖಾಲಿಯಾದಾಗ ಮೈನಸ್ 23ರ ಆಸುಪಾಸಿನಲ್ಲಿ, ಪೂರ್ತಿ ಖಾಲಿಯಾದಾಗ ಮೈನಸ್ 8ರ ಸುಮಾರಿಗೇ ಹೆಪ್ಪುಗಟ್ಟುತ್ತದೆ. ನಾನು ರಾತ್ರಿಯಿಡೀ ಸ್ವಿಚ್ ಒತ್ತಿ ಹಿಂಡುತ್ತಿದ್ದಾಗ ಆ ಬ್ಯಾಟರಿಗಳನ್ನು ಒಡೆಯಲು ಸಿದ್ಧಪಡಿಸುತ್ತಿದ್ದೆ ಎಂಬುದು ನನಗೆ ತಿಳಿದಿರಲಿಲ್ಲ. ಹೆಪ್ಪುಗಟ್ಟಿದ ಬ್ಯಾಟರಿಗೆ ಎಂದಿಗೂ ಚಾರ್ಜ್ ಕೊಡಬೇಡಿ, ಅದು ಸಿಡಿಯಬಹುದು. ಇದೊಂದನ್ನು ಪುಣ್ಯಕ್ಕೆ ನಾನು ಮಾಡಲಿಲ್ಲ.

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ. ಎರಡರ ಬದಲು ನಾಲ್ಕು ಎಂಬ ಯೋಚನೆ ತಪ್ಪು ದಾರಿ. ಸಂವೇದಕ ತಪ್ಪು ಜಾಗದಲ್ಲಿದ್ದರೆ ನಾಲ್ಕೂ ಅರೆಬರೆ ತುಂಬುತ್ತವೆ, ನಾಲ್ಕೂ ಸಲ್ಫೇಟ್ ಕಟ್ಟುತ್ತವೆ, ನಾಲ್ಕೂ ಒಂದೇ ರಾತ್ರಿ ಒಡೆಯುತ್ತವೆ. ನಿಮಗೆ ಬೇಕಾಗಿರುವುದು ದೊಡ್ಡ ಬ್ಯಾಟರಿಯಲ್ಲ, ಬೆಚ್ಚಗಿರುವ ಮತ್ತು ನಿಜವಾಗಿ ತುಂಬಿರುವ ಬ್ಯಾಟರಿ.

ಮೊದಲು ಆ ತಂತಿ ಎಲ್ಲಿದೆ ನೋಡಿ. ಸಂವೇದಕವೇ ಇಲ್ಲದ ಚಾರ್ಜರಾದರೆ ವೋಲ್ಟೇಜನ್ನು ಕೈಯಿಂದ ಹೊಂದಿಸಲು ಬರುತ್ತದೆಯೇ ನೋಡಿ, ಆದರೆ ಏರಿಸುವ ಮುನ್ನ ನಿಮ್ಮ ಇನ್ವರ್ಟರ್ ಅಷ್ಟು ವೋಲ್ಟೇಜನ್ನು ತಾಳಬಲ್ಲದೇ ಎಂಬುದನ್ನು ಅದರ ಕೈಪಿಡಿಯಲ್ಲಿ ಖಚಿತಪಡಿಸಿಕೊಳ್ಳಿ. ಆಮೇಲೆ ಆಸಿಡ್ ನೀರಿಗಿಂತ ಎಷ್ಟು ಪಟ್ಟು ಗಾಢವಾಗಿದೆ ಎಂದು ತೋರಿಸುವ ಹೈಡ್ರೋಮೀಟರ್ ಹಿಡಿದು ಪ್ರತಿ ಸೆಲ್ಲನ್ನೂ ಅಳೆಯಿರಿ. ಪೂರ್ತಿ ತುಂಬಿದ ಸೆಲ್ಲು 1.265ರ ಆಸುಪಾಸು ತೋರಿಸಬೇಕು. ತಣ್ಣನೆಯ ಆಸಿಡ್ ಗಾಢವಾಗಿರುವುದರಿಂದ ಅಳತೆ ಇರುವುದಕ್ಕಿಂತ ಹೆಚ್ಚು ಕಾಣುತ್ತದೆ. 25 ಡಿಗ್ರಿಯಿಂದ ಕೆಳಗಿಳಿಯುವ ಪ್ರತಿ 10 ಡಿಗ್ರಿಗೆ 0.007ರಷ್ಟು ಕಳೆಯಬೇಕು. ಇದನ್ನು ಕಳೆಯದಿದ್ದರೆ ಹೈಡ್ರೋಮೀಟರ್ ಕೂಡ ಆ ಹಸಿರು ದೀಪದಂತೆಯೇ ಸುಳ್ಳು ಸಮಾಧಾನ ಕೊಡುತ್ತದೆ.

ಸಾಧ್ಯವಿದ್ದರೆ ಬ್ಯಾಟರಿಗಳನ್ನು ಒಳಗೆ ತನ್ನಿ. ನೀರು ಹಾಕುವ ಬಗೆಯ ಬ್ಯಾಟರಿ ಚಾರ್ಜ್ ಆಗುವಾಗ ಹೈಡ್ರೋಜನ್ ಬಿಡುತ್ತದೆ, ಗಾಳಿಯಲ್ಲಿ ಅದು ಶೇಕಡ 4 ಮುಟ್ಟಿದರೆ ಕಿಡಿ ತಗುಲಿ ಸ್ಫೋಟಿಸಬಲ್ಲದು; ಆದ್ದರಿಂದ ಮಲಗುವ ಕೋಣೆಯಲ್ಲಿ ಬೇಡ, ಹೊರಕ್ಕೆ ಗಾಳಿಯ ದಾರಿ ಇರುವ ಕೋಣೆಯಲ್ಲಿಡಿ. ಶೆಡ್ಡಿನಲ್ಲೇ ಇರಬೇಕೆಂದಾದರೆ ದಪ್ಪ ಥರ್ಮೋಕೋಲ್ ಹೊದಿಸಿದ, ಮೇಲ್ಭಾಗದಲ್ಲಿ ಗಾಳಿ ಹೋಗುವ ಕಿಂಡಿಯಿರುವ ಪೆಟ್ಟಿಗೆ ಮಾಡಿಸಿ, ಒಳಗೆ ಥರ್ಮೋಸ್ಟಾಟ್ ಇರುವ ಸಣ್ಣ ಹೀಟಿಂಗ್ ಮ್ಯಾಟ್ ಹಾಕಿ. ಬರೀ ಪೆಟ್ಟಿಗೆ ಸಾಕೆಂದು ಹಲವರು ಹೇಳುತ್ತಾರೆ, ನಾನು ಒಪ್ಪುವುದಿಲ್ಲ. ಹೊದಿಕೆ ಶಾಖವನ್ನು ಹುಟ್ಟಿಸುವುದಿಲ್ಲ, ಇರುವ ಶಾಖ ಹೋಗುವುದನ್ನು ತಡಮಾಡುತ್ತದೆ ಅಷ್ಟೇ, ವಾರಗಟ್ಟಲೆ ಚಳಿಯಿದ್ದರೆ ಪೆಟ್ಟಿಗೆಯೊಳಗೂ ಅದೇ ಚಳಿ. ಮೇನ್ಸ್ ಇರುವಾಗ ಮ್ಯಾಟ್ ಬ್ಯಾಟರಿಯನ್ನು 10–15 ಡಿಗ್ರಿಯಲ್ಲಿ ಇಟ್ಟಿದ್ದರೆ, ಕರೆಂಟು ಹೋದ ಮೇಲೆ ಅಷ್ಟು ಭಾರದ ಸೀಸ ಮತ್ತು ಆಸಿಡ್ ತಣ್ಣಗಾಗಲು ಬಹಳ ಹೊತ್ತು ಹಿಡಿಯುತ್ತದೆ. ಹೊದಿಕೆಯ ನಿಜವಾದ ಉಪಯೋಗ ಆಗ.

ಲಿಥಿಯಂ ಐರನ್ ಫಾಸ್ಫೇಟ್ ಒಳ್ಳೆಯ ಬ್ಯಾಟರಿ, ಆದರೆ ನಿಮ್ಮ ಶೆಡ್ಡಿಗಲ್ಲ. 0 ಡಿಗ್ರಿಗಿಂತ ಕೆಳಗೆ ಅದಕ್ಕೆ ಚಾರ್ಜ್ ಕೊಟ್ಟರೆ ಲಿಥಿಯಂ ಬ್ಯಾಟರಿಯ ಗ್ರಾಫೈಟ್ ಫಲಕದೊಳಗೆ ಸೇರುವ ಬದಲು ಅದರ ಮೇಲೆ ಲೋಹವಾಗಿ ಕೂರುತ್ತದೆ. ಆ ಹಾನಿ ಸರಿಹೋಗುವಂಥದಲ್ಲ. ಅದಕ್ಕಾಗಿಯೇ ಒಳ್ಳೆಯ ಬ್ಯಾಟರಿಗಳ ನಿಯಂತ್ರಣ ಮಂಡಲ ಚಳಿಯಲ್ಲಿ ಚಾರ್ಜನ್ನೇ ತಡೆಯುತ್ತದೆ. ಮೊದಲ ಸಲ ಕರೆಂಟು ಹೋದಾಗ ಅದು ನಿಮ್ಮನ್ನು ಕಾಪಾಡಬಹುದು, ಆದರೆ ಕರೆಂಟು ಬಂದು ಮತ್ತೆ ಹೋಗುವ ನಡುವೆ ತುಂಬಿಕೊಳ್ಳುವುದಿಲ್ಲ. ಮನೆಯೊಳಗೆ ಇಡುವಿರಾದರೆ, ಇಲ್ಲವೇ ಒಳಗೇ ಹೀಟರ್ ಇರುವ ಮಾದರಿ ಸಿಗುವುದಾದರೆ ಧಾರಾಳವಾಗಿ ಹಾಕಿಸಿ.

ಜನರೇಟರಿನ ಬಗ್ಗೆಯೂ ಕೇಳಿದ್ದೀರಿ. ಆ ದಿನ ನನ್ನ ಬಳಿ ಒಂದು ಡೀಸೆಲ್ ಜನರೇಟರ್ ಇತ್ತು, ಶುರುವಾಗಲಿಲ್ಲ. ಟ್ಯಾಂಕಿನಲ್ಲಿದ್ದುದು ಬೇಸಿಗೆಯ ಡೀಸೆಲ್. ಚಳಿಗೆ ಅದರಲ್ಲಿನ ಮೇಣ ಹರಳಾಗಿ ಫಿಲ್ಟರಿಗೆ ಕಟ್ಟಿಕೊಂಡಿತ್ತು. ಮೇಣಗಟ್ಟದಂತೆ ತಡೆಯುವ ದ್ರಾವಣವನ್ನು ಆಮೇಲೆ ಸುರಿದೆ, ಏನೂ ಆಗಲಿಲ್ಲ, ಏಕೆಂದರೆ ಡೀಸೆಲ್ ಮಬ್ಬಾಗುವ ಮುನ್ನ ಬೆರೆಸಿದರೆ ಮಾತ್ರ ಅದು ಕೆಲಸ ಮಾಡುತ್ತದೆ. ಶರತ್ಕಾಲದಲ್ಲೇ ಚಳಿಗಾಲದ ಡೀಸೆಲ್ ತುಂಬಿಸಿ, ಟ್ಯಾಂಕನ್ನು ಪೂರ್ತಿ ಇಡಿ, ಫಿಲ್ಟರಿನ ಕೆಳಗೆ ನಿಂತ ನೀರನ್ನು ಬಸಿಯಿರಿ, ಕೈಪಿಡಿ ಅನುಮತಿಸುವ ತೆಳು ಆಯಿಲ್ ಹಾಕಿ. ಕೂಲೆಂಟಿನಲ್ಲಿ ಎಥಿಲೀನ್ ಗ್ಲೈಕಾಲ್ ಮತ್ತು ನೀರು ಅರ್ಧರ್ಧ ಇದ್ದರೆ ಮೈನಸ್ 37ರವರೆಗೆ ಹೆಪ್ಪುಗಟ್ಟದು. ಹೆಚ್ಚು ಒಳ್ಳೆಯದೆಂದು ನೀರಿಲ್ಲದೆ ಸುರಿದರೆ ಮೈನಸ್ 13ಕ್ಕೇ ಗಟ್ಟಿಯಾಗುತ್ತದೆ. ಎಂಜಿನ್ನಿಗೆ ಹೀಟರ್ ಹಾಕಿಸಿದ್ದರೆ ಅದೂ ಮೇನ್ಸಿನಿಂದಲೇ ನಡೆಯುವಂಥದು ಎಂಬುದನ್ನು ನೆನಪಿಡಿ. ಕರೆಂಟು ಹೋದ ಮೊದಲ ಗಂಟೆಯಲ್ಲೇ ಎಂಜಿನ್ ಚಾಲೂ ಮಾಡಿ.

ಒಂದು ವಿಷಯದಲ್ಲಿ ಮಾತ್ರ ರಾಜಿ ಬೇಡವೆಂದು ಕೈಮುಗಿದು ಕೇಳಿಕೊಳ್ಳುತ್ತೇನೆ. ಚಳಿಯಿದೆ, ಎಂಜಿನ್ ಬೆಚ್ಚಗಿರಲಿ ಎಂದು ಜನರೇಟರನ್ನು ಗ್ಯಾರೇಜಿನಲ್ಲಾಗಲಿ ಶೆಡ್ಡಿನಲ್ಲಾಗಲಿ ಇಟ್ಟು ಓಡಿಸಬೇಡಿ, ಬಾಗಿಲು ತೆರೆದಿದ್ದರೂ ಬೇಡ. ಅದರ ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ, ಮಲಗಿದವರು ಏಳುವುದೇ ಇಲ್ಲ. ಕಿಟಕಿ ಬಾಗಿಲುಗಳಿಂದ ಕನಿಷ್ಠ 6 ಮೀಟರ್ ದೂರದಲ್ಲಿ, ಹೊಗೆ ಮನೆಯ ಕಡೆ ಬರದಂತೆ ಇಡಿ. ಮಲಗುವ ಕೋಣೆಯ ಬಳಿ ಆ ಅನಿಲದ ಅಲಾರ್ಮ್ ಹಾಕಿಸಿ.

ಇಷ್ಟಾದ ಮೇಲೆ, ಸೆಪ್ಟೆಂಬರಿನ ಬಿಸಿಲಿನಲ್ಲಿ ನಾನು ಮಾಡಿದಂತೆ ಮಾಡದೆ, ನಿಜವಾದ ಚಳಿಯ ಒಂದು ಬೆಳಗಿನ ಜಾವ ಮೇನ್ಸ್ ತೆಗೆದು ಬಾಯ್ಲರನ್ನು ಬ್ಯಾಟರಿಯ ಮೇಲೆ ಓಡಿಸಿ. ಅರ್ಧ ಗಂಟೆಗೊಮ್ಮೆ ವೋಲ್ಟೇಜ್ ಬರೆದಿಟ್ಟುಕೊಳ್ಳಿ. ಅರ್ಧ ಖಾಲಿಯಾಗುವ ಮುನ್ನ ನಿಲ್ಲಿಸಿ, ಮತ್ತೆ ಪೂರ್ತಿ ತುಂಬಿಸಿ. ನಿಮ್ಮ ಬ್ಯಾಟರಿಗಳು ಈಗಾಗಲೇ ಸಲ್ಫೇಟ್ ಕಟ್ಟಿ ಕುಗ್ಗಿದ್ದರೆ ಆ ಅಂಕಿಗಳಲ್ಲೇ ಗೊತ್ತಾಗುತ್ತದೆ, ಆಗ ಹೊಸ ಎರಡನ್ನು ಕೊಳ್ಳಿ. ಹೊಸದಾಗಿ ಕೊಂಡ ಎರಡೇ 150 ಆಂಪಿಯರ್-ಅವರ್ ಬ್ಯಾಟರಿಗಳು ನಮ್ಮ ಮನೆಯೊಳಗೆ ಮೆಟ್ಟಿಲಿನ ಕೆಳಗೆ ಐದು ಚಳಿಗಾಲ ಕಳೆದಿವೆ. ಸಂವೇದಕವನ್ನು ಅವುಗಳ ಟರ್ಮಿನಲ್ಲಿಗೆ ಬೋಲ್ಟ್ ಹಾಕಿ ಬಿಗಿದಿದ್ದೇನೆ. ಕಳೆದ ಫೆಬ್ರವರಿಯಲ್ಲಿ ರಾತ್ರಿ ಹನ್ನೊಂದಕ್ಕೆ ಹೋದ ಕರೆಂಟು ಬೆಳಗಿನ ಏಳಕ್ಕೆ ಬರುವವರೆಗೂ ಪಂಪು ನಿಲ್ಲಲಿಲ್ಲ.