ನೇತ್ರಾಣಿಯಲ್ಲಿ ಗೆಳೆಯನಿಗೆ ಕೀಟಲೆ ಮಾಡಬಹುದಾ?

ಮುರುಡೇಶ್ವರದ ಹತ್ತಿರದ ನೇತ್ರಾಣಿ ದ್ವೀಪದಲ್ಲಿ ಸ್ಕೂಬಾ ಡೈವ್ ಮಾಡುವಾಗ ಗೆಳೆಯನ ಗಾಳಿ ಸಿಲಿಂಡರ್‌ನ ವಾಲ್ವ್ ಒಂದು ಕ್ಷಣ ಮುಚ್ಚಿ ತಮಾಷೆ ಮಾಡಬಹುದಾ ಅಂತ ಕೇಳಿದ್ದೀರಿ. ದಯವಿಟ್ಟು ಬೇಡ. ವಾಲ್ವ್, ಉಸಿರಾಡಲು ಬಾಯಲ್ಲಿರುವ ರೆಗ್ಯುಲೇಟರ್, ಮಾಸ್ಕ್, ಈ ಮೂರನ್ನು ಮುಟ್ಟಲೇಬೇಡಿ. ಗಾಬರಿಯಾದವನು ಉಸಿರು ಬಿಗಿಹಿಡಿದು ಸರ್ರನೆ ಮೇಲಕ್ಕೆ ಹೋಗುತ್ತಾನೆ. 10 ಮೀಟರ್ ಆಳದಲ್ಲಿ ಒತ್ತಡ ಮೇಲಿನದರ ಎರಡರಷ್ಟು. ಅಲ್ಲಿ ಎಳೆದುಕೊಂಡ ಗಾಳಿ ಮೇಲೆ ಬರುವಷ್ಟರಲ್ಲಿ ಎರಡು ಪಟ್ಟು ಹಿಗ್ಗುತ್ತದೆ. ಶ್ವಾಸಕೋಶವೇ ಹರಿಯಬಹುದು.

ಸನ್ನೆಗಳಲ್ಲೂ ಆಟ ಬೇಡ. ನೀರೊಳಗೆ ಹೆಬ್ಬೆರಳು ಎತ್ತಿದರೆ ‘ಸೂಪರ್’ ಅಂತಲ್ಲ, ‘ಮೇಲೆ ಹೋಗೋಣ’ ಅಂತ.

ಹಾಗಂತ ಸುಮ್ನೆ ಇರಬೇಕಾಗಿಲ್ಲ. ನಾನು ಮತ್ತು ನನ್ನ ಜೊತೆಗಾರ ಯಾವಾಗಲೂ ಬರೆಯುವ ಸ್ಲೇಟ್ ಒಯ್ಯುತ್ತೇವೆ. ಒಮ್ಮೆ ದಪ್ಪ ತುಟಿಯ ಗ್ರೂಪರ್ ಮೀನೊಂದು ಬಂಡೆ ಸಂದಿಯಿಂದ ನಮ್ಮನ್ನೇ ನೋಡುತ್ತಿತ್ತು. ಅವನು ಸ್ಲೇಟ್ ಮೇಲೆ ‘ನಿಮ್ಮ ಮಾವ’ ಅಂತ ಬರೆದು ತೋರಿಸಿದ. ನಕ್ಕೆ ನೋಡಿ, ಕೆನ್ನೆ ಮೇಲೇರಿ ಮಾಸ್ಕ್ ಸಡಿಲವಾಗಿ ನೀರು ನುಗ್ಗಿತು! ಮೂಗಿನಿಂದ ಗಾಳಿ ಊದಿ ಹೊರಹಾಕಿದೆ. ಮಾಸ್ಕ್‌ನ ನೀರು ಹೊರಹಾಕುವುದು ಇಬ್ಬರಿಗೂ ಚೆನ್ನಾಗಿ ಬಂದರೆ ಮಾತ್ರ ಹೀಗೆ ನಗಿಸಿ. ಗೆಳೆಯನಿಗೆ ಇದೇ ಮೊದಲ ಡೈವ್ ಆಗಿದ್ದರೆ, ದೋಣಿಗೆ ವಾಪಸ್ ಬಂದ ಮೇಲೆ ಎಷ್ಟು ಬೇಕಾದರೂ ಕಾಲೆಳೆಯಿರಿ.