ಮಂಜಿನ ಕರಾವಳಿಯಲ್ಲಿ ಎರಡು ರಾತ್ರಿ: ಯಾವಾಗ, ಎಲ್ಲಿ, ಹೇಗೆ?

ಉತ್ತರ ಕ್ಯಾಲಿಫೋರ್ನಿಯಾದ ಕರಾವಳಿಯಲ್ಲಿ ಟೆಂಟು, ಕ್ಯಾಬಿನ್‌ಗಳಲ್ಲಿ ತಂಗುವ ಬಗ್ಗೆ ಸ್ಯಾನ್ ಫ್ರಾನ್ಸಿಸ್ಕೊ ಸುತ್ತಲಿನ ಬೇ ಏರಿಯಾದ ಓದುಗರು ಕೇಳಿದ ಪ್ರಶ್ನೆಗಳಿಗೆ ಈ ಸಲದ ಉತ್ತರ.

ಪ್ರಶ್ನೆ: ಬರುವ ಜೂನ್‌ನಲ್ಲಿ ಅಪ್ಪ ಅಮ್ಮ ಮೈಸೂರಿನಿಂದ ಬರುತ್ತಾರೆ, ಸೆಪ್ಟೆಂಬರ್ ಕೊನೆಯವರೆಗೂ ಇರುತ್ತಾರೆ. ಜುಲೈನಲ್ಲಿ ಮೆಂಡೊಸಿನೊ ಕಡೆ ಸಮುದ್ರದ ಪಕ್ಕದಲ್ಲೇ ಎರಡು ರಾತ್ರಿ ಕಳೆಯೋಣ ಅಂತಿದ್ದೇವೆ. ಬೇಸಿಗೆಯಲ್ಲೂ ಅಲ್ಲಿ ಮಂಜು ಎಂದು ಸ್ನೇಹಿತರು ಹೆದರಿಸುತ್ತಾರೆ. ಕೊಡಗಿನ ಮಂಜು ನೋಡಿದವರು ನಾವು, ಹತ್ತು ಗಂಟೆಗೆಲ್ಲ ಕರಗುತ್ತದಲ್ಲವೇ? ಅಪ್ಪನಿಗೆ 71 ವರ್ಷ, ಮಂಡಿ ನೋವಿದೆ. — ಫ್ರೀಮಾಂಟ್ ಓದುಗರು

ಉತ್ತರ: ನಿಮ್ಮ ಸ್ನೇಹಿತರ ಮಾತು ನಿಜ. ಕೊಡಗಿನಲ್ಲಿ ರಾತ್ರಿ ನೆಲ ತಣ್ಣಗಾಗಿ ಕಣಿವೆಯಲ್ಲಿ ಮಂಜು ಕಟ್ಟುತ್ತದೆ, ಬಿಸಿಲೇರಿದರೆ ಹೋಗುತ್ತದೆ. ಮೆಂಡೊಸಿನೊದ ಮಂಜು ಹುಟ್ಟುವುದು ಸಮುದ್ರದ ಮೇಲೆ. ವಸಂತ, ಬೇಸಿಗೆಯಲ್ಲಿ ವಾಯವ್ಯದಿಂದ ಬೀಸುವ ಗಾಳಿ ಮೇಲಿನ ನೀರನ್ನು ದಡದಿಂದ ಆಚೆ ತಳ್ಳುತ್ತದೆ, ಆ ಜಾಗಕ್ಕೆ ಆಳದ ತಣ್ಣನೆಯ ನೀರು ಏರುತ್ತದೆ. ಅದರ ಮೇಲೆ ಹಾದು ಬರುವ ತೇವದ ಗಾಳಿ ತಂಪಾಗಿ ಮಂಜಾಗುತ್ತದೆ. ಅದಕ್ಕೂ ಮೇಲೆ ಬಿಸಿಗಾಳಿಯ ಪದರವೊಂದು ಪಾತ್ರೆಯ ಮುಚ್ಚಳದಂತೆ ಕೂತಿರುವುದರಿಂದ ಅದು ಚದುರುವುದೂ ಇಲ್ಲ. ಇನ್ನೊಂದು ವಿಷಯ: ಒಳನಾಡಿನ ಸೆಂಟ್ರಲ್ ವ್ಯಾಲಿ ಕಾದಷ್ಟೂ ಕಡಲಿನ ಗಾಳಿಯನ್ನು ತನ್ನತ್ತ ಎಳೆಯುತ್ತದೆ. ಹಾಗಾಗಿ ಫ್ರೀಮಾಂಟ್‌ನಲ್ಲಿ ಧಗೆ ತಡೆಯಲಾಗದೆ ನೀವು ಸಮುದ್ರಕ್ಕೆ ಹೊರಟ ದಿನ ಅಲ್ಲಿ ಎದುರು ಬಂಡೆಯೂ ಕಾಣದಿರುವುದು ಬಹಳ ಸಲ ಆಗುತ್ತದೆ. ಜುಲೈ ಮಧ್ಯಾಹ್ನದಲ್ಲೂ 15-17 ಡಿಗ್ರಿ, ಮೇಲೆ ಗಾಳಿ. ಕೆಲವು ದಿನ ಮಧ್ಯಾಹ್ನ ಎರಡು ತಾಸು ಬಿಸಿಲು ಬಂದು ಸಂಜೆ ಮತ್ತೆ ಮುಚ್ಚಿಕೊಳ್ಳುತ್ತದೆ. ಕೆಲವು ದಿನ ಅದೂ ಇಲ್ಲ.

ನನ್ನ ಸಲಹೆ, ಪ್ರವಾಸವನ್ನು ಸೆಪ್ಟೆಂಬರಿಗೆ ಹಾಕಿ. ಈ ಕರಾವಳಿಗೆ ನಿಜವಾದ ಬೇಸಿಗೆ ಎಂದರೆ ಸೆಪ್ಟೆಂಬರ್, ಅಕ್ಟೋಬರ್. ಸೆಪ್ಟೆಂಬರ್ ಮೊದಲ ಸೋಮವಾರದ ಲೇಬರ್ ಡೇ ರಜೆ ಮುಗಿದ ಮೇಲೆ ಜನಸಂದಣಿಯೂ ಇಳಿಯುತ್ತದೆ. ಗಣೇಶನ ಹಬ್ಬ ಯಾವಾಗ ಬೀಳುತ್ತದೆ ನೋಡಿಕೊಂಡು ತಾರೀಖು ಗೊತ್ತು ಮಾಡಿ. ಆ ದಿನ ಅಮ್ಮನವರನ್ನು ಟೆಂಟಿನಲ್ಲಿ ಕೂರಿಸಲು ನಿಮ್ಮಿಂದಾಗದು.

ಮಕ್ಕಳ ರಜೆಗಾಗಿ ಜುಲೈಯೇ ಆಗಬೇಕೆಂದರೆ ಮಲಗುವ ಜಾಗವನ್ನು ಸಮುದ್ರದಿಂದ ಒಳಕ್ಕೆ ಸರಿಸಿ. ಹೈವೇ 128ರಲ್ಲಿ ಆಂಡರ್ಸನ್ ವ್ಯಾಲಿಯ ಫೈಲೋ ಊರಿನ ಬಳಿ ಹೆಂಡಿ ವುಡ್ಸ್ ಸ್ಟೇಟ್ ಪಾರ್ಕ್ ಇದೆ. ಸಮುದ್ರಕ್ಕೆ ಸುಮಾರು 20 ಮೈಲಿ. ಹಳೆಯ ರೆಡ್‌ವುಡ್ ಮರಗಳಿವೆ, ಆದರೆ ಕರಾವಳಿಯ ಮಂಜು ಅಷ್ಟಾಗಿ ಮುತ್ತುವುದಿಲ್ಲ, ಹಗಲು ಚೆನ್ನಾಗಿ ಬಿಸಿಲಿರುತ್ತದೆ. ಟೆಂಟಿನ ಜಾಗಗಳ ಜೊತೆ ಸೌದೆ ಒಲೆಯಿರುವ ಕೆಲವು ಸರಳ ಕ್ಯಾಬಿನ್‌ಗಳೂ ಇವೆ. ಬೆಳಿಗ್ಗೆ ನಿಧಾನವಾಗಿ ತಿಂಡಿ ಮುಗಿಸಿ, ಮಂಜು ತೆಳುವಾಗುವ ಹೊತ್ತಿಗೆ ಸಮುದ್ರಕ್ಕೆ ಹೋಗಿ, ಸಂಜೆ ವಾಪಸು ಬೆಚ್ಚಗಿನ ಕಣಿವೆಗೆ ಬನ್ನಿ.

ಇಲ್ಲ, ಅಲೆಯ ಸದ್ದು ಕೇಳುತ್ತಲೇ ಮಲಗಬೇಕು ಎಂದರೆ ಫೋರ್ಟ್ ಬ್ರ್ಯಾಗ್‌ನ ಉತ್ತರಕ್ಕಿರುವ ಮ್ಯಾಕೆರಿಚರ್ ಸ್ಟೇಟ್ ಪಾರ್ಕ್ ನೋಡಿ. ಅಲ್ಲಿನ ಲಗೂನಾ ಪಾಯಿಂಟ್‌ಗೆ ಸಮತಟ್ಟಾದ ಮರದ ಹಲಗೆಯ ದಾರಿಯಿದೆ. ಮಂಡಿ ನೋವಿನವರೂ ನಿಧಾನವಾಗಿ ನಡೆದು ಬಂಡೆಗಳ ಮೇಲೆ ಮಲಗಿದ ಸೀಲ್‌ಗಳನ್ನು ನೋಡಿ ಬರಬಹುದು. ಟೆಂಟೇ ಬೇಡ ಎನ್ನುವವರಿಗೆ ಮೆಂಡೊಸಿನೊ ಮತ್ತು ಫೋರ್ಟ್ ಬ್ರ್ಯಾಗ್ ನಡುವೆ, 1909ರಲ್ಲಿ ಮೊದಲು ಬೆಳಗಿದ ಪಾಯಿಂಟ್ ಕ್ಯಾಬ್ರಿಲೊ ದೀಪಸ್ತಂಭದ ಆವರಣವಿದೆ. ಹಿಂದೆ ದೀಪಪಾಲಕರು ವಾಸವಿದ್ದ ಮನೆಗಳನ್ನು ತಂಗಲು ಕೊಡುತ್ತಾರೆ. ನಿಮ್ಮ ತಂದೆಯವರ ವಿಷಯದಲ್ಲಿ ನಾನಾದರೆ ಇದನ್ನೇ ಆರಿಸುತ್ತೇನೆ. ಟೆಂಟಿನಲ್ಲಿ ಅವರ ಕಷ್ಟ ಹಗಲಿನದಲ್ಲ. ರಾತ್ರಿ ಎರಡು ಗಂಟೆಗೆ ನೆಲದಿಂದ ಎದ್ದು, ಒದ್ದೆ ಹುಲ್ಲಿನಲ್ಲಿ ಟಾರ್ಚ್ ಹಿಡಿದು ಶೌಚಾಲಯದವರೆಗೆ ಹೋಗಿ ಬರುವುದೇ ಕಷ್ಟ. ಟೆಂಟೇ ಆದರೆ ಅವರಿಗೊಂದು ಮಡಚುವ ಮಂಚ ಒಯ್ಯಿರಿ. ಶೌಚಾಲಯಕ್ಕೆ ಹತ್ತಿರದ ಜಾಗ ಹಿಡಿಯಿರಿ, ಆದರೆ ಅದರ ಬಾಗಿಲ ಎದುರಿನದು ಬೇಡ; ರಾತ್ರಿಯಿಡೀ ಬಾಗಿಲು ಬಡಿಯುತ್ತದೆ, ದೀಪ ಉರಿಯುತ್ತಿರುತ್ತದೆ.

ಪ್ರಶ್ನೆ: ರೆಡ್‌ವುಡ್ ಮರಗಳ ಕೆಳಗೆ ಟೆಂಟು ಹಾಕಿದ್ದೆವು. ಮಳೆಯ ಸೂಚನೆಯೇ ಇರಲಿಲ್ಲ. ಬೆಳಿಗ್ಗೆ ಎದ್ದರೆ ಟೆಂಟಿನ ಹೊರಗೂ ಒಳಗೂ ನೀರು! ಹೊಸ ಟೆಂಟು, ದುಡ್ಡು ದಂಡವಾಯಿತೇ? — ಸನ್ನಿವೇಲ್ ಓದುಗರು

ಉತ್ತರ: ಟೆಂಟಿನ ದೋಷ ಇರಲಾರದು. ಹೊರಗಿನ ನೀರು ಮರ ಸುರಿಸಿದ್ದು. ಮಂಜು ರೆಡ್‌ವುಡ್‌ನ ಸಣ್ಣ ಎಲೆಗಳಿಗೆ ತಾಗಿ ಹನಿಗಟ್ಟಿ ರಾತ್ರಿಯಿಡೀ ತೊಟ್ಟಿಕ್ಕುತ್ತದೆ. ಮರದ ಕೆಳಗೆ ಮಳೆಯ ಸದ್ದು, ನಾಲ್ಕು ಹೆಜ್ಜೆ ಆಚೆ ಬಯಲಿನಲ್ಲಿ ನೆಲ ಒಣಗಿರುತ್ತದೆ. ಬೇಸಿಗೆಯಲ್ಲಿ ಮಳೆಯೇ ಇಲ್ಲದ ಈ ಸೀಮೆಯಲ್ಲಿ ಮರಗಳು ಬದುಕುವುದೂ ಇದರಿಂದಲೇ. ಅವುಗಳಿಗೆ ಸಿಗುವ ನೀರಿನಲ್ಲಿ ಹೆಚ್ಚುಕಡಿಮೆ ಮೂರನೇ ಒಂದು ಪಾಲು ಮಂಜಿನದು ಎಂದು ಅಳೆದು ನೋಡಿದವರಿದ್ದಾರೆ.

ಒಳಗಿನ ನೀರು ನಿಮ್ಮದೇ ಉಸಿರು. ಚಳಿಗೆ ಹೆದರಿ ಎಲ್ಲ ಜಿಪ್ಪುಗಳನ್ನೂ ಎಳೆದುಕೊಂಡು ಮಲಗಿರುತ್ತೀರಿ. ಉಸಿರಿನ ತೇವ ತಣ್ಣನೆಯ ಬಟ್ಟೆಗೆ ತಗುಲಿ ಹನಿಯಾಗುತ್ತದೆ. ಎಷ್ಟೇ ಚಳಿಯಿರಲಿ, ಮೇಲಿನ ಗಾಳಿಕಿಂಡಿ ಮತ್ತು ಬಾಗಿಲಿನ ಮೇಲ್ತುದಿ ಸ್ವಲ್ಪ ತೆರೆದಿರಲಿ. ಒದ್ದೆ ಶೂ, ಟವೆಲ್ ಒಳಗೆ ಬೇಡ. ಸ್ಲೀಪಿಂಗ್ ಬ್ಯಾಗ್ ಗೋಡೆಗೆ ತಾಗದಿರಲಿ. ಹಕ್ಕಿಗರಿ ತುಂಬಿದ ಬ್ಯಾಗ್ ತೇವಕ್ಕೆ ಮುದುಡಿ ಶಾಖ ಕಳೆದುಕೊಳ್ಳುತ್ತದೆ, ಈ ಕರಾವಳಿಗೆ ಸಿಂಥೆಟಿಕ್ಕೇ ವಾಸಿ. ಜೀನ್ಸ್ ಒಮ್ಮೆ ಒದ್ದೆಯಾದರೆ ಅಲ್ಲಿ ಒಣಗುವುದೇ ಇಲ್ಲ. ಮಲಗುವಾಗ ಹಾಕುವ ಬಟ್ಟೆಯನ್ನು ಬೇರೆಯೇ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಟ್ಟು, ಮಲಗುವಾಗಲೇ ತೆಗೆಯಿರಿ. ಬೆಳಿಗ್ಗೆ ಟೆಂಟ್ ಒರೆಸಲು ಹಳೆಯ ಪಂಚೆಯ ತುಂಡಿನಷ್ಟು ಒಳ್ಳೆಯದು ಯಾವ ಅಂಗಡಿಯಲ್ಲೂ ಸಿಗದು.

ಪ್ರಶ್ನೆ: ಸ್ಟಿನ್ಸನ್ ಬೀಚ್ ಹತ್ತಿರದ ಸ್ಟೀಪ್ ರವೀನ್ ಕ್ಯಾಬಿನ್‌ಗಳಿಗೆ ಎಷ್ಟು ಪ್ರಯತ್ನಿಸಿದರೂ ಜಾಗ ಸಿಗುತ್ತಿಲ್ಲ. ಏನಾದರೂ ಉಪಾಯ? — ಸ್ಯಾನ್ ಹೋಸೆ ಓದುಗರು

ಉತ್ತರ: ಸಮುದ್ರದ ಅಂಚಿನಲ್ಲಿ ಇರುವುದೇ ಹತ್ತರಷ್ಟು ಕ್ಯಾಬಿನ್, ಕೇಳುವವರು ಇಡೀ ಬೇ ಏರಿಯಾ. ರಾಜ್ಯದ ಪಾರ್ಕುಗಳ ಬುಕಿಂಗ್ ರಿಸರ್ವ್ ಕ್ಯಾಲಿಫೋರ್ನಿಯಾ ತಾಣದಲ್ಲಿ, ಸಾಮಾನ್ಯವಾಗಿ ತಂಗುವ ದಿನಕ್ಕೆ 6 ತಿಂಗಳು ಮುಂಚೆ ಬೆಳಿಗ್ಗೆ 8 ಗಂಟೆಗೆ ತೆರೆಯುತ್ತದೆ. ಸೆಪ್ಟೆಂಬರ್ 18ಕ್ಕೆ ಬೇಕಿದ್ದರೆ ಮಾರ್ಚ್ 18ರಂದು ಕೂರಬೇಕು. ಆಗ ಬೆಂಗಳೂರಿನಲ್ಲಿ ರಾತ್ರಿ 8:30, ತಮ್ಮನನ್ನೂ ಲ್ಯಾಪ್‌ಟಾಪ್ ಮುಂದೆ ಕೂರಿಸಬಹುದು. ಶನಿವಾರದ ಆಸೆ ಬಿಟ್ಟು ಮಂಗಳವಾರ, ಬುಧವಾರ ಹುಡುಕಿ. ದಿನ ಹತ್ತಿರ ಬಂದಂತೆ ರದ್ದು ಮಾಡುವವರೂ ಇರುತ್ತಾರೆ, ತಾಣದ ಮೇಲೆ ಕಣ್ಣಿಡಿ.

ಸಿಕ್ಕರೆ ಅದನ್ನು ಹೋಟೆಲ್ ಎಂದುಕೊಂಡು ಹೋಗಬೇಡಿ. ಕರೆಂಟಿಲ್ಲ, ಸ್ನಾನದ ಮನೆಯಿಲ್ಲ. ಒಳಗೆ ಸೌದೆ ಒಲೆ, ಮೇಜು, ಮಲಗಲು ಬರೀ ಹಲಗೆ. ನಲ್ಲಿ, ಶೌಚಾಲಯ ಹೊರಗೆ. ಹಾಸಿಗೆ, ಹೊದಿಕೆ, ಲಾಟೀನು ಎಲ್ಲ ನೀವೇ ತರಬೇಕು.

ಪ್ರಶ್ನೆ: ಕ್ಯಾಂಪಿನಲ್ಲಿ ಬಿಸಿಬೇಳೆಬಾತ್ ಮಾಡಬಹುದೇ? — ಪ್ಲೆಸೆಂಟನ್ ಓದುಗರು

ಉತ್ತರ: ಧಾರಾಳವಾಗಿ. ಬೇಳೆ ಮನೆಯಲ್ಲೇ ಬೇಯಿಸಿ ಒಯ್ದರೆ ಗ್ಯಾಸ್ ಉಳಿಯುತ್ತದೆ. ಆದರೆ ತುಪ್ಪದ ಒಗ್ಗರಣೆಯ ಘಮ ರಕೂನ್‌ಗಳಿಗೂ ತಲುಪುತ್ತದೆ. ಹಗಲು ರೇವನ್ ಎಂಬ ದೊಡ್ಡ ಕಾಗೆಗಳು ಚಿಪ್ಸ್ ಪೊಟ್ಟಣ ಸೀಳುತ್ತವೆ. ಊಟ ಮುಗಿದ ಕೂಡಲೇ ಪಾತ್ರೆ, ಕಸ, ಟೂತ್‌ಪೇಸ್ಟ್ ಸಹಿತ ಎಲ್ಲವನ್ನೂ ಕ್ಯಾಂಪಿನಲ್ಲಿ ಆಹಾರಕ್ಕೆಂದೇ ಇಟ್ಟಿರುವ ಪೆಟ್ಟಿಗೆಯಲ್ಲಿಟ್ಟು ಚಿಲಕ ಹಾಕಿ. ಎಷ್ಟೇ ಚಳಿಯಾದರೂ ಗ್ಯಾಸ್ ಸ್ಟೌ, ಕೆಂಡದ ಒಲೆ ಟೆಂಟಿನ ಒಳಗೆ ಬೇಡವೇ ಬೇಡ. ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆಯಿಲ್ಲ, ಮಲಗಿದವರು ಏಳುವುದಿಲ್ಲ. ಸೌದೆಯನ್ನು ಮನೆಯಿಂದ ಒಯ್ಯದೆ ಕ್ಯಾಂಪಿನ ಹತ್ತಿರವೇ ಕೊಳ್ಳಿ. ಮರದ ರೋಗ, ಹುಳು ಸೌದೆಯ ಜೊತೆ ಊರೂರು ಸುತ್ತುತ್ತವೆ.

ಪ್ರಶ್ನೆ: ಮಕ್ಕಳು ನೀರಿಗಿಳಿಯಬಹುದೇ? — ಡಬ್ಲಿನ್ ಓದುಗರು

ಉತ್ತರ: ಬೇಡ. ಮಲ್ಪೆಯಲ್ಲಿ, ಮುರುಡೇಶ್ವರದಲ್ಲಿ ಪ್ಯಾಂಟು ಮಡಚಿ ಮೊಣಕಾಲು ನೀರಿನಲ್ಲಿ ನಿಂತು ಅಭ್ಯಾಸವಾದವರು ಇಲ್ಲಿಯೂ ಹಾಗೇ ನಿಲ್ಲುತ್ತಾರೆ, ಅದೂ ಸಮುದ್ರಕ್ಕೆ ಬೆನ್ನು ಹಾಕಿ, ಫೋಟೋಗೆ. ಇಲ್ಲಿ ಹತ್ತು ಹದಿನೈದು ನಿಮಿಷ ಸಣ್ಣ ಅಲೆಗಳೇ ಬಂದು, ಇದ್ದಕ್ಕಿದ್ದಂತೆ ಒಂದು ದೊಡ್ಡ ಅಲೆ ಒಣ ಮರಳಿನ ಮೇಲೂ ನುಗ್ಗುತ್ತದೆ. ನೀರು 10-13 ಡಿಗ್ರಿ, ಚೆನ್ನಾಗಿ ಈಜುವವರಿಗೂ ಕೆಲವೇ ನಿಮಿಷದಲ್ಲಿ ಕೈಕಾಲು ಮರಗಟ್ಟುತ್ತದೆ. ಯಾರಾದರೂ ಕೊಚ್ಚಿಹೋದರೆ ಹಿಂದೆ ಹಾರಬೇಡಿ, 911ಕ್ಕೆ ಕರೆ ಮಾಡಿ. ದಡದಲ್ಲಿ ಬಿದ್ದ ದಿಮ್ಮಿಗಳ ಮೇಲೆ ಮಕ್ಕಳನ್ನು ಕೂರಿಸಬೇಡಿ, ಅಲೆ ಬಂದರೆ ಅವು ಉರುಳುತ್ತವೆ.

ಪ್ರಶ್ನೆ: ಆಗಸ್ಟ್ 12ರ ಪರ್ಸಿಯಡ್ ಉಲ್ಕೆಗಳನ್ನು ಕಡಲ ತೀರದಿಂದ ನೋಡುವ ಆಸೆ. — ಕೂಪರ್ಟಿನೊ ಓದುಗರು

ಉತ್ತರ: ಮಂಜಿನ ಕೆಳಗೆ ಕೂತು ಮಂಜನ್ನೇ ನೋಡಬೇಕಾದೀತು. ಉಲ್ಕೆಗಾದರೆ ಒಳನಾಡಿನ ಲ್ಯಾಸೆನ್ ವೋಲ್ಕ್ಯಾನಿಕ್ ನ್ಯಾಷನಲ್ ಪಾರ್ಕ್‌ಗೆ ಹೋಗಿ. ಎತ್ತರದ ಜಾಗ, ಕಗ್ಗತ್ತಲ ಆಕಾಶ, ಮ್ಯಾಂಜನೀಟಾ ಲೇಕ್‌ನಲ್ಲಿ ಕ್ಯಾಬಿನ್‌ಗಳೂ ಇವೆ.

ಪ್ರಶ್ನೆ: ಮಂಜಿನಲ್ಲಿ ಹೈವೇ 1ರಲ್ಲಿ ಕಾರು ಓಡಿಸಲು ಭಯ. — ಮಿಲ್ಪಿಟಸ್ ಓದುಗರು

ಉತ್ತರ: ಮೆಂಡೊಸಿನೊಗೆ ಹೋಗಲು ಇಡೀ ಹೈವೇ 1 ಹಿಡಿಯಬೇಕಿಲ್ಲ. ಹೈವೇ 101ರಲ್ಲಿ ಕ್ಲೋವರ್‌ಡೇಲ್‌ವರೆಗೆ ಹೋಗಿ 128ಕ್ಕೆ ತಿರುಗಿ. ಅಲ್ಲಿಯೂ ತಿರುವುಗಳಿವೆ, ವಾಂತಿಯ ಮಾತ್ರೆ ಬೇಕಾದವರು ಕ್ಲೋವರ್‌ಡೇಲ್‌ಗೆ ಮೊದಲೇ ನುಂಗಲಿ. ಫೋನ್ ಸಿಗ್ನಲ್ ಮಧ್ಯೆ ಹೋಗುತ್ತದೆ, ಮ್ಯಾಪ್ ಮೊದಲೇ ಇಳಿಸಿಕೊಳ್ಳಿ. ಮಂಜಿನಲ್ಲಿ ಹೈ ಬೀಮ್ ಹಾಕಿದರೆ ಬೆಳಕು ನಿಮ್ಮ ಕಣ್ಣಿಗೇ ತಿರುಗಿ ಹೊಡೆಯುತ್ತದೆ, ಲೋ ಬೀಮ್ ಸಾಕು. ಬೆಳಕಿರುವಾಗಲೇ ಕ್ಯಾಂಪ್ ಸೇರುವಂತೆ ಹೊರಡಿ. ಹಿಂದೆ ಐದು ಕಾರು ಸಾಲುಗಟ್ಟಿದರೆ ರಸ್ತೆ ಬದಿಯಲ್ಲಿ ಕಾರು ಸರಿಸಲೆಂದೇ ಬಿಟ್ಟಿರುವ ಟರ್ನ್‌ಔಟ್‌ಗೆ ಸರಿದು ದಾರಿ ಬಿಡುವುದು ಈ ರಾಜ್ಯದಲ್ಲಿ ಕಾನೂನು. ಸಂಕೋಚಪಡದೆ ಸರಿಯಿರಿ, ಅವರನ್ನು ಹೋಗಲು ಬಿಟ್ಟು ನಿಮ್ಮ ವೇಗದಲ್ಲೇ ಹೋಗಿ.